ಹೊರಗೆ ಕುಳಿತವರು

ಜಿಲ್ಲಾ ಆಸ್ಪತ್ರೆ, ಮೂಳೆ ವಿಭಾಗ
ಮಾರ್ಚ್ 4

ವಕೀಲನಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ಗುರುತು ಹಿಡಿದಿರುತ್ತೀಯ. ಹರಿದು ಹಾಕುವ ಮೊದಲು ಪೂರ್ತಿ ಓದು, ಇದು ವ್ಯವಹಾರದ ಕಾಗದ.

ನನ್ನ ತೊಡೆಯ ಮೂಳೆ ಮುರಿದಿದೆ. ಸದನದ ಸದಸ್ಯನಾದ ಮೇಲೂ ನಾನು ದನಗಳಿಗೆ ಮದ್ದು ಮಾಡುವುದನ್ನು ಬಿಟ್ಟಿಲ್ಲವೆಂದು ನಿನಗೆ ಗೊತ್ತು. ಹೋದ ಭಾನುವಾರ ನಮ್ಮ ಬೀದಿಯ ಹಾಲಿನವನ ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಕರುವನ್ನು ಹೇಗೋ ಹೊರಗೆಳೆದೆ. ಕೃತಜ್ಞತೆಗೆ ಹಸು ಒದೆಯಿತು. ನಿಮ್ಮ ಪಕ್ಷದವರು ಮೂರು ಚುನಾವಣೆಗಳಲ್ಲಿ ಮಾಡಲಾಗದ್ದನ್ನು ಅದು ಒಂದೇ ಏಟಿಗೆ ಮಾಡಿತು. ಈಗ ಕಾಲಿಗೆ ತೂಕ ಕಟ್ಟಿ ರಾಟೆಯಿಂದ ಇಳಿಬಿಟ್ಟಿದ್ದಾರೆ. ಅಧಿವೇಶನ ಮುಗಿಯುವವರೆಗೂ ನಾನು ಏಳುವ ಹಾಗಿಲ್ಲ.

ನಮ್ಮ ಜೋಡಿಯ ವಿಷಯ. ನಿಮ್ಮ ಸಚೇತಕ ಹೊಸಬನಂತೆ. ಅವನಿಗೂ ತಿಳಿಯಲಿ ಎಂದು ಬಿಡಿಸಿ ಬರೆಯುತ್ತೇನೆ, ಬೇಕಾದರೆ ಈ ಸಾಲುಗಳನ್ನು ತೋರಿಸು. ವಿರೋಧ ಪಕ್ಷದ ನಾನು ಕಾಯಿಲೆ ಬಿದ್ದು ಮತದಾನಕ್ಕೆ ಬರಲಾಗದಿದ್ದರೆ ಆಡಳಿತ ಪಕ್ಷದ ನೀನು ಮತ ಹಾಕದೆ ಹೊರಗೆ ಕೂರಬೇಕು. ನಿನಗೆ ಬರಲಾಗದಿದ್ದರೆ ನಾನು ಹೊರಗೆ. ಒಂದಕ್ಕೊಂದು ವಜಾ. ಯಾರ ಕಾಲು ಮುರಿದರೂ ದೇಶದ ತಕ್ಕಡಿ ಅಲ್ಲಾಡಬಾರದೆಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಬರೀ ಬಾಯಿಮಾತು. ನೀನು ತುಂಬಿದ ಸಭೆಯಲ್ಲಿ 'ದನದ ಡಾಕ್ಟರಿಗೆ ಜನರ ಕಾಯಿಲೆ ಏನು ಗೊತ್ತು' ಎಂದು ನಗಿಸಿದ ದಿನದಿಂದ ನಾವು ಮಾತು ಬಿಟ್ಟೆವು. ಆದರೆ ಜೋಡಿ ಬಿಡಲಿಲ್ಲ.

ಈ ಸಲ ಎಂದಿನಂತೆ ಸಚೇತಕರ ಕೈಲಿ ಚೀಟಿ ಕಳಿಸದೆ ಕಾಗದ ಬರೆಯಲು ಕಾರಣವಿದೆ. ಗಡಿಯಾಚೆಯ ಅಂತರ್ಯುದ್ಧಕ್ಕೆ ನಮ್ಮ ಸೈನ್ಯವನ್ನು ಕಳಿಸುವ ನಿರ್ಣಯವನ್ನು ನಿಮ್ಮ ಸರ್ಕಾರ ಮುಂದಿನ ತಿಂಗಳು ತರುತ್ತದೆಂದು ಪತ್ರಿಕೆಯಲ್ಲಿ ಓದಿದೆ. ಬಂದಿದ್ದರೆ ನಾನು ವಿರುದ್ಧ ಹಾಕುತ್ತಿದ್ದೆ. ನೀನು ಪರ ಎಂದು ಊಹಿಸುತ್ತೇನೆ. ಕರೆಯದ ಮನೆಗೆ ಹೋಗಿ ಪಂಚಾಯಿತಿ ಮಾಡುವುದು ನಿನಗೆ ಹಾಸ್ಟೆಲಿನ ದಿನಗಳಿಂದಲೂ ಇಷ್ಟ. ನಿನ್ನ ಮಾತು ನಿಲ್ಲುತ್ತದೆಯೇ? ಎರಡು ಸಾಲು ಬರೆದರೆ ಸಾಕು.

ಇಂತಿ,
ದನದ ಡಾಕ್ಟರು

*

ಸದಸ್ಯರ ವಸತಿಗೃಹ
ಮಾರ್ಚ್ 11

ಡಾಕ್ಟರಿಗೆ,

ಕಾಗದ ತಲುಪಿತು. ಜೋಡಿ ಇದೆ. ನೀನು ಬರಲಾಗದ ಯಾವ ಮತದಾನದಲ್ಲೂ ನಾನಿರುವುದಿಲ್ಲ. ಸಚೇತಕನಿಗೆ ತಿಳಿಸಿದ್ದೇನೆ.

ವಕೀಲ

ವ್ಯವಹಾರ ಮುಗಿಯಿತು. ಸಹಿ ಹಾಕಿದ ಮೇಲೂ ಹಾಳೆಯಲ್ಲಿ ಜಾಗ ಉಳಿದಿದೆ, ಖಾಲಿ ಕಳಿಸಲು ಮನಸ್ಸು ಬರುತ್ತಿಲ್ಲ.

ನೀನು ಊಹಿಸಿದ್ದು ಸರಿ, ನಾನು ಪರ. ಕಳೆದ ಚಳಿಗಾಲದಲ್ಲಿ ಸದನದ ನಿಯೋಗದೊಂದಿಗೆ ಅಲ್ಲಿಗೆ ಹೋಗಿದ್ದೆ. ನದಿಯ ಮೇಲಿನ ಸೇತುವೆಯನ್ನು ಎರಡು ಕಡೆಯವರಲ್ಲಿ ಯಾರೋ ಸಿಡಿಸಿದ್ದರು. ಇವರು ಅವರೆನ್ನುತ್ತಾರೆ, ಅವರು ಇವರೆನ್ನುತ್ತಾರೆ. ಆಚೆ ದಡದಲ್ಲಿ ಜನ ನಿಂತಿದ್ದರು. ಒಂದು ಮನೆಯವರು ತಮ್ಮ ಮುದುಕಿಯನ್ನು ಬಾಗಿಲಿನ ಕದದ ಮೇಲೆ ಮಲಗಿಸಿಕೊಂಡು ಹೊತ್ತು ತಂದಿದ್ದರು. ಕದಕ್ಕೆ ಚಿಲಕ ಹಾಗೇ ಇತ್ತು. ನೀರು ನೋಡಿ ಕೆಳಗಿಟ್ಟರು, ಸ್ವಲ್ಪ ಹೊತ್ತು ನಿಂತರು, ಮತ್ತೆ ಹೊತ್ತುಕೊಂಡು ವಾಪಸ್ ಹೋದರು. ನಾವು ಈಚೆ ದಡದಲ್ಲಿ ಟೀ ಕುಡಿಯುತ್ತಿದ್ದೆವು. ಬಲವಿದ್ದೂ ನೋಡುತ್ತ ಕೂರುವವನಿಗೆ ಏನು ಹೆಸರು ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಕಾಗದದಲ್ಲಿ ಹಸುವಿನ ಸಮಾಚಾರವಿದೆ, ಕರುವಿನ ಸಮಾಚಾರವಿದೆ, ನಿನ್ನ ಮಗಳು ಪುಟ್ಟಿಯದು ಒಂದು ಅಕ್ಷರವೂ ಇಲ್ಲ. ಅವಳಿಗೆ ಸೈಕಲ್ ಕಲಿಸಿದ್ದು ನಾನು. ನೀನು ಮಾತು ಬಿಟ್ಟೆಯೆಂದು ಅವಳು ನನಗೆ ಹೊಸ ವರ್ಷದ ಕಾರ್ಡು ಕಳಿಸುವುದನ್ನು ಬಿಟ್ಟಿಲ್ಲ. ಸೈನ್ಯದಲ್ಲಿ ಕ್ಯಾಪ್ಟನ್ ಆದಳೆಂದು ಗೊತ್ತು. ಯಾವ ತುಕಡಿ?

*

ಆಸ್ಪತ್ರೆ
ಮಾರ್ಚ್ 20

ವಕೀಲ,

ಎರಡು ಸಾಲು ಕೇಳಿದರೆ ಎರಡು ಪುಟ ಬರೆದಿದ್ದೀಯ. ಕೋರ್ಟಿನ ಚಾಳಿ.

ನಿನ್ನ ಕದದ ಮೇಲಿನ ಮುದುಕಿ ನನ್ನ ಹಾಸಿಗೆಯ ಪಕ್ಕಕ್ಕೆ ಬಂದು ಕೂತಿದ್ದಾಳೆ, ಅದು ನಿಜ. ಆದರೂ ನನ್ನ ಮಾತು ಕೇಳು. ಎರಡು ಗೂಳಿ ಕಾದಾಡುವಾಗ ನಡುವೆ ಹೋಗುವವರನ್ನು ನಾನು ಜೀವನವಿಡೀ ನೋಡಿದ್ದೇನೆ. ಧೈರ್ಯವಂತರೇ ಹೋಗುತ್ತಾರೆ, ಒಳ್ಳೆಯವರೇ ಹೋಗುತ್ತಾರೆ. ಗೂಳಿಗಳಿಗೆ ಒಳ್ಳೆಯವರು ಕೆಟ್ಟವರು ಗೊತ್ತಾಗುವುದಿಲ್ಲ. ನಾನು ಕೊಟ್ಟಿಗೆಯೊಳಗೆ ಕಾಲಿಡುವ ಮೊದಲು ನೋಡುವುದು ಗೂಳಿಯನ್ನಲ್ಲ. ಬೇಲಿಯಲ್ಲಿ ಹೊರಗೆ ಬರುವ ಸಂದು ಎಲ್ಲಿದೆ ಎಂದು. ನಿಮ್ಮ ನಿರ್ಣಯದ ಕರಡನ್ನು ತರಿಸಿ ಓದಿದೆ. ಹೇಗೆ ಹೋಗುವುದೆಂದು ಎಲ್ಲ ಇದೆ. ಹೇಗೆ ಬರುವುದೆಂದು ಒಂದು ಸಾಲಿಲ್ಲ.

ಪುಟ್ಟಿ ಸೇತುವೆ ತುಕಡಿಯಲ್ಲಿದ್ದಾಳೆ. ಕಬ್ಬಿಣದ ತುಂಡುಗಳನ್ನು ಲಾರಿಯಲ್ಲಿ ತಂದು ನದಿಗೆ ಅಡ್ಡ ಜೋಡಿಸುವ ಕೆಲಸ. ಸೈನ್ಯ ಹೋದರೆ ಮೊದಲು ಹೋಗುವವರು ಅವರು, ಏಕೆಂದರೆ ಉಳಿದವರು ದಾಟಬೇಕಲ್ಲ. ಬರೆಯಲಿಲ್ಲ, ಏಕೆಂದರೆ ಬರೆದರೆ ನೀನು 'ಓಹೋ, ಅದಕ್ಕೇ ವಿರೋಧ' ಎನ್ನುತ್ತೀಯ. ನಮ್ಮ ಪಕ್ಷದವರೇ ಬೆನ್ನ ಹಿಂದೆ ಹಾಗೆ ಅನ್ನುತ್ತಿದ್ದಾರೆ. ಇರಬಹುದು. ಮಗಳ ಮೇಲಿನ ಮಮತೆ ಎಲ್ಲಿಗೆ ಮುಗಿಯುತ್ತದೆ, ತತ್ವ ಎಲ್ಲಿಂದ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನನಗೆ ಬರುವುದಿಲ್ಲ.

ಹೋದ ಸಲ ರಜೆಗೆ ಬಂದಾಗ, ಸೈನ್ಯ ಹೋಗಬೇಕೇ ಎಂದು ಅವಳನ್ನೇ ಕೇಳಿದ್ದೆ. "ಅಪ್ಪಾ, ನನ್ನನ್ನ ಕೇಳ್ಬೇಡ" ಅಂದಳು. "ನಾವು ಎಲ್ಲಿಗೆ ಹೋಗ್ಬೇಕು ಅಂತ ನೀವು ಹೇಳ್ಬೇಕು, ನಾವು ನಿಮಗೆ ಹೇಳೋ ಹಾಗಾದ್ರೆ ಆ ದೇಶ ಕೆಟ್ಟಿತು ಅಂತಲೇ ಲೆಕ್ಕ." ನನ್ನ ಮಗಳಿಗೆ ಇದನ್ನು ಯಾರು ಕಲಿಸಿದರೋ. ನಾನಂತೂ ಅಲ್ಲ.

ಹಸುವಿಗೆ ಏನೂ ಆಗಿಲ್ಲ. ಕರು ಹೆಣ್ಣು.

ಡಾಕ್ಟರು

*

ವಸತಿಗೃಹ
ಏಪ್ರಿಲ್ 2

ಡಾಕ್ಟರಿಗೆ,

ಲೆಕ್ಕ ಬಿಗಿಯಾಗಿದೆ. ನಮ್ಮ ಕಡೆಯ ಕೆಲವರು ಜಾರಿಕೊಳ್ಳುತ್ತಿದ್ದಾರೆ, ನಿಮ್ಮ ಕಡೆಯ ಕೆಲವರು ಒಳಗೊಳಗೇ ನಮ್ಮ ಕಡೆ ವಾಲುತ್ತಿದ್ದಾರೆ. ಒಂದೋ ಎರಡೋ ಮತದಲ್ಲಿ ತೀರ್ಮಾನವಾಗುವ ವಿಷಯ. ನಿನ್ನೆ ಸಚೇತಕ ನನ್ನ ಕೋಣೆಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸರ್, ಜೋಡಿ ಗೀಡಿ ಎಲ್ಲ ಹಳೇ ಕಾಲದ್ದು. ಎಲ್ಲಾದ್ರೂ ಬರ್ದಿದೆಯಾ?"

"ಇಲ್ಲ."

"ಮತ್ತೆ? ಬಾಯಿಮಾತು ತಾನೆ?"

"ಬಾಯಿಮಾತು ಅಂತಲೇ ಮುರಿಯೋಕಾಗಲ್ಲಪ್ಪ. ಬರವಣಿಗೆಯಲ್ಲಿದ್ದಿದ್ರೆ ಏನಾದ್ರೂ ಸಂದು ಹುಡುಕ್ತಿದ್ದೆ, ವಕೀಲ ನಾನು."

ಅವನಿಗೆ ತಮಾಷೆ ಅನಿಸಲಿಲ್ಲ. ಮುಂದಿನ ಚುನಾವಣೆಯಲ್ಲಿ ನನ್ನ ಕ್ಷೇತ್ರಕ್ಕೆ ಬೇರೆಯವರ ಹೆಸರು ಓಡಾಡುತ್ತಿದೆ ಎಂಬ ಸುದ್ದಿಯನ್ನು ಬಾಗಿಲ ಬಳಿ ಬಿಟ್ಟು ಹೋದ.

ಇನ್ನೊಂದು. ನಿನ್ನ ಬೇಲಿಯ ಸಂದು ನನ್ನ ತಲೆ ತಿನ್ನುತ್ತಿದೆ. ಪಕ್ಷದ ಸಭೆಯಲ್ಲಿ ರಕ್ಷಣಾ ಮಂತ್ರಿಯನ್ನು ಕೇಳಿಯೇಬಿಟ್ಟೆ: ಹೋದವರು ಯಾವಾಗ, ಹೇಗೆ ವಾಪಸ್ ಬರುತ್ತಾರೆ? ಅವರು, "ಮೊದಲು ಹೋಗೋಣ ವಕೀಲರೇ, ಬರೋದು ಆಮೇಲೆ ನೋಡಿದ್ರಾಯ್ತು. ಮದುವೆಗೆ ಮುಂಚೆನೇ ಮಕ್ಕಳ ಸ್ಕೂಲ್ ಫೀಸ್ ಕೇಳ್ತೀರಲ್ಲ" ಅಂದರು. ಇಡೀ ಸಭೆ ನಕ್ಕಿತು. ನಗಿಸುವ ಮಾತಿನಿಂದ ಒಬ್ಬನ ಬಾಯಿ ಹೇಗೆ ಮುಚ್ಚಿಸಬಹುದು ಎಂದು ಆಗ ಗೊತ್ತಾಯಿತು. ನಿನಗೆ ಒಂಬತ್ತು ವರ್ಷ ಮೊದಲೇ ಗೊತ್ತಾಗಿತ್ತು.

ವಕೀಲ

*

ಆಸ್ಪತ್ರೆ
ಏಪ್ರಿಲ್ 12

ವಕೀಲ,

ಪುಟ್ಟಿ ಬಂದಿದ್ದಳು. ಗಡಿಯಲ್ಲಿ ನಿರಾಶ್ರಿತರಿಗೆ ಶೆಡ್ಡು ಹಾಕುವ ಕೆಲಸದಲ್ಲಿದ್ದಾರೆ, ಅಲ್ಲಿಗೆ ಸಾಮಾನು ಒಯ್ಯಲು ಬಂದವಳು ಒಂದು ಗಂಟೆ ನನ್ನ ಬಳಿ ಕೂತಿದ್ದಳು. ಕಾಲಿನ ತೂಕ, ರಾಟೆ, ಹಗ್ಗ ಎಲ್ಲವನ್ನೂ ಪರೀಕ್ಷಿಸಿ ನರ್ಸಮ್ಮನಿಗೆ ಗಂಟು ಸರಿಯಾಗಿ ಹಾಕುವುದನ್ನು ತೋರಿಸಿಕೊಟ್ಟಳು. ನರ್ಸಮ್ಮನಿಗೆ ಸಿಟ್ಟು ಬಂತು, ಗಂಟು ಮಾತ್ರ ಈಗ ಜಾರುತ್ತಿಲ್ಲ.

ಯುದ್ಧದ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಏಳುವ ಹೊತ್ತಿಗೆ, ಟೋಪಿ ಹಾಕಿಕೊಳ್ಳುತ್ತ, ಅಷ್ಟೇನೂ ಮುಖ್ಯವಲ್ಲದ ವಿಷಯದ ಹಾಗೆ ಹೇಳಿದಳು. ಆ ನದಿಯ ಅಗಲಕ್ಕೆ ಸರಿಯಾಗಿ ಕೂರುವ ಸೇತುವೆಯ ತುಂಡುಗಳು ಅವರ ಅಂಗಳದಲ್ಲೇ ಪೇರಿಸಿಟ್ಟಿವೆಯಂತೆ. ಶೆಡ್ಡಿಗೆ ಬರುವವರು ಈಜಿ ದಾಟಿದವರು. ಒಬ್ಬರು ದಾಟಿದರೆ ಅವರ ಮನೆಯ ಒಬ್ಬರು ನೀರಿನಲ್ಲಿ ಹೋಗಿರುತ್ತಾರೆ. "ಆರು ಗಂಟೆ ಕೆಲಸ ಅಪ್ಪಾ" ಅಂದಳು. ಅಷ್ಟೇ. ಹೊರಟುಹೋದಳು.

ಅವಳು ಕೇಳಬೇಡ ಎಂದಿದ್ದಳು, ನಾನು ಕೇಳಲಿಲ್ಲ. ಹೇಳಬಾರದು ಎಂದಿದ್ದಳು, ಅವಳೂ ಏನೂ ಹೇಳಲಿಲ್ಲ. ಆದರೂ ನನ್ನ ವಾದ ಪೂರ್ತಿ ಕುಸಿದು ಬಿದ್ದಿದೆ. ಹೊರಗೆ ಬರುವ ದಾರಿ ಗೊತ್ತಿಲ್ಲವೆಂದು ಕರುವನ್ನು ಒಳಗೇ ಸಾಯಲು ಬಿಡುತ್ತಿದ್ದೆನೇ? ಒದೆ ಬೀಳಬಹುದೆಂದು ಗೊತ್ತಿದ್ದೂ ಕೈ ಹಾಕಿದೆನಲ್ಲ.

ಇವತ್ತು ಸದನದಲ್ಲಿದ್ದಿದ್ದರೆ ನಾನು ನಿರ್ಣಯದ ಪರ ಹಾಕುತ್ತಿದ್ದೆ. ಹೀಗಿರುವಾಗ ನಿನ್ನನ್ನು ಹೊರಗೆ ಕೂರಿಸುವುದು ಮೋಸ. ಪರವಿರುವ ಇಬ್ಬರೂ ಹೊರಗೆ ಕೂತರೆ ಅದು ಎಂಥ ಜೋಡಿ? ನಿನ್ನ ಮಾತಿನಿಂದ ನಿನ್ನನ್ನು ಬಿಡುಗಡೆ ಮಾಡುತ್ತಿದ್ದೇನೆ. ಹೋಗು, ಹಾಕು. ಸಚೇತಕನಿಗೂ ಖುಷಿಯಾಗುತ್ತದೆ, ನಿನ್ನ ಕ್ಷೇತ್ರವೂ ಉಳಿಯುತ್ತದೆ.

ಡಾಕ್ಟರು

*

ವಸತಿಗೃಹ
ಏಪ್ರಿಲ್ 15

ಡಾಕ್ಟರಿಗೆ,

ನಿನ್ನ ಕಾಗದ ಓದಿ ಒಬ್ಬನೇ ಕೂತು ನಕ್ಕೆ. ಪಕ್ಕದ ಕೋಣೆಯವರು ಗೋಡೆ ತಟ್ಟಿದರು.

ನಾನು ಈಗ ವಿರುದ್ಧ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ನಮ್ಮಿಬ್ಬರನ್ನೇ ನೋಡಿ ಮಾಡಿದಂತಿದೆ. ನೀನು ಏರಿಯಲ್ಲಿದ್ದಾಗ ನಾನು ನೀರಿನಲ್ಲಿದ್ದೆ. ನಾನು ಏರಿ ಹತ್ತುವ ಹೊತ್ತಿಗೆ ನೀನು ನೀರಿಗಿಳಿದೆ. ಮಂತ್ರಿಗಳ ಆ ನಗು ನನ್ನನ್ನು ಬಿಡಲಿಲ್ಲ. ಸಮಿತಿಯ ಕೋಣೆಯಲ್ಲಿ ದೊಡ್ಡ ನಕ್ಷೆ ಹಾಸಿದ್ದರು. ಹೋಗುವ ದಾರಿಗೆ ಕೆಂಪು ದಾರ ಕಟ್ಟಿ ಗುಂಡುಪಿನ್ನು ಚುಚ್ಚಿದ್ದರು. ಬರುವ ದಾರಿಗೆ ಯಾವ ಬಣ್ಣ ಎಂದು ಕೇಳಿದೆ. ದಾರ ಮುಗಿದಿದೆ ಎಂದ ಒಬ್ಬ ಅಧಿಕಾರಿ. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಮುಗಿದಿತ್ತು. ಮೊದಲ ಗುಂಡುಪಿನ್ನಿಗೆ ಸೇತುವೆ ತುಕಡಿ ಎಂದು ಚೀಟಿ ಅಂಟಿಸಿದ್ದರು. ನನ್ನನ್ನು ಬದಲಿಸಿದ್ದು ನಿನ್ನ ಬೇಲಿಯೋ ಆ ಚೀಟಿಯೋ ಹೇಳಲಾರೆ. ಗೆರೆ ಎಳೆಯಲು ನನಗೂ ಬರುವುದಿಲ್ಲ.

ಈಗ ತೊಡಕು ನೋಡು. ನೀನು ಪರ, ನಾನು ವಿರುದ್ಧ: ಬದಿ ಬದಲಾಗಿದೆ, ಜೋಡಿ ಸರಿಯಾಗೇ ಇದೆ. ಆದರೆ ನೀನು ನನ್ನನ್ನು ಬಿಡುಗಡೆ ಮಾಡಿದ್ದೀಯ. ಆ ಕಾಗದ ನನ್ನ ಜೇಬಿನಲ್ಲಿದೆ. ಅದನ್ನು ಹಿಡಿದು ನಾನು ನೆಟ್ಟಗೆ ಒಳಗೆ ಹೋಗಿ ವಿರುದ್ಧ ಹಾಕಬಹುದು. ಸಚೇತಕನ ಲೆಕ್ಕದ ಪ್ರಕಾರ, ಹಾಗೆ ಹಾಕಿದರೆ ನಿರ್ಣಯ ಬೀಳುತ್ತದೆ. ಬಿದ್ದರೆ ಪುಟ್ಟಿ ಶೆಡ್ಡಿನ ಕೆಲಸದಲ್ಲೇ ಇರುತ್ತಾಳೆ.

ಆದರೆ ನಾನು ಪರ ಹಾಕುತ್ತೇನೆಂದು ನಂಬಿ ನೀನು ಬಿಟ್ಟದ್ದು. ಕಕ್ಷಿದಾರ ತಪ್ಪು ತಿಳಿದು ಕೊಟ್ಟ ಒಪ್ಪಿಗೆಯನ್ನು ನಾನು ಇಲ್ಲಿಯವರೆಗೆ ಬಳಸಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ. ಇಷ್ಟು ಗೊತ್ತಾದ ಮೇಲೂ ನನ್ನನ್ನು ಬಿಡುತ್ತೀಯಾ? ಬಿಟ್ಟರೆ ಹೋಗಿ ಹಾಕುತ್ತೇನೆ. ಯಾಕೆಂದು ಯಾರಿಗೂ ಹೇಳುವುದಿಲ್ಲ. ಮತದಾನ ಇಪ್ಪತ್ತೆರಡಕ್ಕೆ. ಬೇಗ ಬರೆ.

ವಕೀಲ

*

ಆಸ್ಪತ್ರೆ
ಏಪ್ರಿಲ್ 18

ವಕೀಲ,

ಬಿಟ್ಟರೆ ಮಗಳು ಉಳಿಯುತ್ತಾಳೆ. ಅದು ನನಗೆ ಬೇಕು. ಎಷ್ಟು ಬೇಕೆಂದು ನಿನಗೆ ಬರೆದು ತಿಳಿಸಲಾರೆ. ಅಷ್ಟು ಬೇಕಾಗಿರುವುದರಿಂದಲೇ ಬಿಡುವುದಿಲ್ಲ. ಬೇರೆಯವರ ಮಕ್ಕಳು ಹೋಗಲಿ ಎನ್ನುವಾಗ ಸರಿಯೆಂದು ಕಂಡದ್ದು ನನ್ನ ಮಗಳಾದಾಗ ತಪ್ಪಾಗಲಾರದು.

ಜೋಡಿ ಇರಲಿ. ನೀನು ಹೊರಗೆ ಕೂರು.

ಪುಟ್ಟಿಗೆ ಈ ವಿಷಯ ಯಾವತ್ತೂ ತಿಳಿಯಬಾರದು.

ಡಾಕ್ಟರು

*

ವಸತಿಗೃಹ
ಏಪ್ರಿಲ್ 23

ಡಾಕ್ಟರಿಗೆ,

ರೇಡಿಯೋದಲ್ಲಿ ಕೇಳಿರುತ್ತೀಯ. ಆದರೂ ನಾನು ಬರೆಯಬೇಕು.

ಗಂಟೆ ಬಾರಿಸಿದಾಗ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದೆ. ಎಲ್ಲರೂ ನನ್ನ ಕಾಲು ದಾಟಿಕೊಂಡು ಒಳಗೆ ಹೋದರು. ನಮ್ಮ ಸಚೇತಕ ಬಂದು ಎದುರಿಗೆ ನಿಂತ. ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ, ಹೋದ. ಜವಾನ ಬಾಗಿಲು ಹಾಕುವ ಮೊದಲು, "ಸಾಹೇಬ್ರೇ, ಹಾಕ್ಲಾ?" ಅಂದ. "ಹಾಕಪ್ಪ" ಅಂದೆ. ಹಾಕಿದ ಮೇಲೆ ಒಳಗಿನ ಸದ್ದು ಕೇಳುವುದಿಲ್ಲ. ಗೋಡೆಯ ಮೇಲೆ ಹಿಂದಿನ ಸಭಾಧ್ಯಕ್ಷರ ಭಾವಚಿತ್ರಗಳಿವೆ. ಒಬ್ಬರ ಕನ್ನಡಕಕ್ಕೆ ಚಿತ್ರ ಬರೆದವನು ಒಂದೇ ಕಡ್ಡಿ ಬರೆದಿದ್ದಾನೆ. ಇಷ್ಟು ವರ್ಷ ನೋಡಿರಲಿಲ್ಲ.

ನಿರ್ಣಯ ಒಂದು ಮತದಿಂದ ಗೆದ್ದಿತು. ನಾನು ಒಳಗೆ ಹೋಗಿ ವಿರುದ್ಧ ಹಾಕಿದ್ದರೆ ಸಮ. ಸಮ ಬಂದರೆ ನಿರ್ಣಯ ಬಿದ್ದಂತೆ. ಈ ಲೆಕ್ಕ ನೀನೂ ಹಾಕಿರುತ್ತೀಯ, ಬಿಡಿಸಿ ಬರೆಯುವುದಿಲ್ಲ.

ಸಂಜೆ ನಿಮ್ಮ ಪಕ್ಷದವರು ಒಬ್ಬೊಬ್ಬರೇ ಬಂದು ನನ್ನ ಕೈ ಕುಲುಕಿದರು. ಮಾತಿಗೆ ತಪ್ಪದ ಮನುಷ್ಯ ಎಂದರು. ಕೈ ಹಿಂದೆಳೆದುಕೊಳ್ಳಬೇಕು ಅನಿಸಿತು.

ವಕೀಲ

*

ವಸತಿಗೃಹ
ಮೇ 9

ಡಾಕ್ಟರಿಗೆ,

ನೀನು ಏಳುವ ಹಾಗಿಲ್ಲವೆಂದು ಪುಟ್ಟಿಯನ್ನು ಬೀಳ್ಕೊಡಲು ನಿನ್ನ ಬದಲು ನಾನೇ ಹೋಗಿದ್ದೆ. ಸರಕು ಸ್ಟೇಷನ್ನಿನ ಅಂಗಳ. ಸೇತುವೆಯ ತುಂಡುಗಳನ್ನು ರೈಲಿನ ತೆರೆದ ಡಬ್ಬಿಗಳಿಗೆ ಏರಿಸುತ್ತಿದ್ದರು. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಪುಟ್ಟಿ ಸರಪಳಿಗಳನ್ನು ತಾನೇ ಎಳೆದೆಳೆದು ನೋಡುತ್ತಿದ್ದಳು. ನನ್ನನ್ನು ಕಂಡು, "ಮಾವ, ಪ್ಯಾಂಟಿಗೆ ಗ್ರೀಸ್ ಆಗುತ್ತೆ, ಅಲ್ಲೇ ನಿಂತ್ಕೊಳಿ" ಎಂದಳು. ಕೈ ಒರೆಸಿಕೊಂಡು ಬಂದಳು. ನೀನು ಕೊಡಲು ಹೇಳಿದ್ದ ಉಣ್ಣೆಯ ಕಾಲುಚೀಲ ಕೊಟ್ಟೆ. ಬೇಸಿಗೆಯಲ್ಲಿ ಉಣ್ಣೆಯೇ ಎಂದು ನಕ್ಕಳು, ಆದರೂ ಚೀಲದ ಮೇಲ್ಗಡೆಯೇ ಇಟ್ಟುಕೊಂಡಳು.

ಆಮೇಲೆ ಕೇಳಿದಳು. "ಮಾವ, ನೀವು ಯಾವ ಕಡೆ ಹಾಕಿದ್ರಿ?"

"ಹಾಕ್ಲಿಲ್ಲ. ಹೊರಗೆ ಕೂತಿದ್ದೆ."

"ಅಪ್ಪನ ಜೋಡಿ ಅಂತಾನಾ?"

"ಹ್ಞೂಂ."

"ಪಾಪ ಅಪ್ಪ. ಕಾಲು ನೆಟ್ಟಗಿದ್ದಿದ್ರೆ ವಿರುದ್ಧ ಹಾಕ್ತಿದ್ದ. ಹಾಸಿಗೇಲಿ ಬಿದ್ಕೊಂಡು ನನ್ನನ್ನ ತಡಿಯೋಕಾಗ್ಲಿಲ್ಲ ಅಂತ ಕೊರಗ್ತಿರ್ತಾನೆ. ಬೇಜಾರು ಮಾಡ್ಕೋಬೇಡ ಅಂತ ಹೇಳಿ ಮಾವ."

ಹೇಳುತ್ತೇನೆ ಎಂದೆ. ಹೇಳಿದ್ದೇನೆ.

ರೈಲು ಹೊರಟಾಗ ಕೈ ಬೀಸಲಿಲ್ಲ ಅವಳು, ಸಮವಸ್ತ್ರದಲ್ಲಿ ಬೀಸಬಾರದೇನೋ. ಸರಪಳಿಗಳನ್ನೇ ನೋಡುತ್ತಿದ್ದಳು. ನಾನು ಬೀಸಿದೆ.

ವಕೀಲ

*

ನದಿ ದಡ
ಜೂನ್ 27

ಅಪ್ಪಾ,

ಆರು ಗಂಟೆ ಎಂದಿದ್ದೆನಲ್ಲ, ಎರಡು ದಿನ ಹಿಡಿಯಿತು. ಆಚೆ ದಡದ ಮಣ್ಣು ಮೆತ್ತಗಿತ್ತು, ಕಲ್ಲು ತುಂಬಬೇಕಾಯಿತು. ಆದರೆ ಸೇತುವೆ ಕೂತಿದೆ. ಮೊದಲ ದಿನ ಬೆಳಗಿನಿಂದ ಕತ್ತಲಾಗುವವರೆಗೆ ಜನ ದಾಟಿದರು. ಯಾರೂ ಓಡಲಿಲ್ಲ, ಸಾಲಾಗಿ ನಡೆದರು. ಇದನ್ನು ನೀನು ನೋಡಬೇಕಿತ್ತು.

ಮೂರನೇ ವಾರ ಫಿರಂಗಿ ಶುರುವಾಯಿತು. ದಾಟುವ ಜನರನ್ನು ತಡೆಯಲು ಒಬ್ಬರಿಗೆ ಸೇತುವೆ ಬೀಳಬೇಕು, ತಮ್ಮ ಲಾರಿ ದಾಟಿಸಲು ಇನ್ನೊಬ್ಬರಿಗೆ ಅದೇ ಸೇತುವೆ ಬೇಕು. ಈಗ ನಮ್ಮ ಕೆಲಸ ಕಟ್ಟುವುದಲ್ಲ, ಕಾಯುವುದು. ಎಷ್ಟು ದಿನ ಎಂದು ಕೇಳಿದರೆ ಮೇಲಿನವರಿಗೂ ಗೊತ್ತಿಲ್ಲ.

ನನ್ನ ಹುಡುಗರಲ್ಲಿ ಇಬ್ಬರು ಹೋದರು. ಒಬ್ಬ ನಮ್ಮ ಅಡುಗೆಯವನು. ಇನ್ನೊಬ್ಬನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದೆವು. ಬಲಗೈಯವರ ಸ್ಪ್ಯಾನರ್ ಹೋಗದ ಮೂಲೆಗೆ ಅವನದು ಹೋಗುತ್ತಿತ್ತು. ಅವರ ಮನೆಗಳಿಗೆ ಕಾಗದ ನಾನೇ ಬರೆದೆ. ಬೋಲ್ಟು ಬಿಗಿಸುವಾಗ ಈಗಲೂ ಯಾರೋ ಒಬ್ಬರು 'ಎಡಚಾ' ಎಂದು ಕೂಗಿಬಿಡುತ್ತಾರೆ.

ಉಳಿದವರು ಸದನವನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಕಳಿಸಿದವರಲ್ಲಿ ಒಬ್ಬನಾದರೂ ಒಂದು ದಿನ ಬಂದು ಇಲ್ಲಿ ನಿಲ್ಲಲಿ ಎನ್ನುತ್ತಾರೆ. ನಾನು ತಡೆಯಬೇಕು, ತಡೆಯುವುದಿಲ್ಲ. ಮೊನ್ನೆ ಅವರಿಗೆ ಹೇಳಿದೆ: ನಮ್ಮಪ್ಪನೂ ಅಲ್ಲಿಯ ಸದಸ್ಯ, ಆದರೆ ನಮ್ಮಪ್ಪ ನಮ್ಮನ್ನು ಕಳಿಸಲಿಲ್ಲ, ಕಾಲು ಮುರಿಯದೇ ಇದ್ದಿದ್ದರೆ ವಿರುದ್ಧ ಹಾಕುತ್ತಿದ್ದ. ಒದ್ದ ಹಸುವಿನ ಕಥೆಯನ್ನೂ ಹೇಳಿದೆ. ಬಹಳ ದಿನದ ಮೇಲೆ ಎಲ್ಲರೂ ನಕ್ಕರು. ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಕಾಲುಚೀಲ ರಾತ್ರಿ ಪಾಳಿಗೆ ಬೇಕಾಯಿತು. ನದಿಯ ಗಾಳಿ ತಣ್ಣಗಿರುತ್ತದೆ.

ನಿನ್ನ,
ಪುಟ್ಟಿ

*

ಮನೆ
ಜುಲೈ 8

ಪುಟ್ಟಿ,

ನಿನ್ನ ಕಾಗದವನ್ನು ವಕೀಲ ಮಾವನಿಗೂ ಓದಿದೆ. ಅವನು ಈಗ ನಮ್ಮ ಮನೆಯಲ್ಲೇ ಇದ್ದಾನೆ, ನನಗೆ ಊರುಗೋಲಿನಲ್ಲಿ ನಡೆಯಲು ಕಲಿಸುತ್ತಿದ್ದಾನೆ. ಸೈಕಲ್ ಕಲಿಸುವಾಗ ನಿನ್ನನ್ನು ಬೈಯುತ್ತಿದ್ದ ಹಾಗೆಯೇ ಬೈಯುತ್ತಾನೆ. ಇದನ್ನು ಬರೆಯಬೇಡ ಎಂದು ಬೆಳಗಿನಿಂದ ನನ್ನ ಜೊತೆ ಜಗಳವಾಡಿ ಈಗ ಹೊರಗೆ ಹೋಗಿ ಕೂತಿದ್ದಾನೆ.

ನಿನ್ನ ಹುಡುಗರ ನಮಸ್ಕಾರ ನನ್ನದಲ್ಲ. ವಾಪಸ್ ಕಳಿಸುತ್ತಿದ್ದೇನೆ.

ನೀನು ಆಸ್ಪತ್ರೆಗೆ ಬಂದು ಹೋದ ಮೇಲೆ ನಾನು ಬದಲಾದೆ. ನಿರ್ಣಯ ಗೆಲ್ಲಬೇಕು ಅನಿಸಿತು. ಅಷ್ಟರಲ್ಲಿ ಮಾವ ವಿರುದ್ಧವಾಗಿದ್ದ. ಒಳಗೆ ಹೋಗಿ ವಿರುದ್ಧ ಹಾಕಲೇ ಎಂದು ನನ್ನನ್ನು ಕೇಳಿದ. ಹಾಕಿದ್ದರೆ ನೀವು ಯಾರೂ ಹೋಗುತ್ತಿರಲಿಲ್ಲ. ಬೇಡ, ಹೊರಗೆ ಕೂರು ಎಂದು ನಾನು ಬರೆದೆ. ನಿನ್ನ ತುಕಡಿಯೇ ಮೊದಲು ಹೋಗುವುದೆಂದು ಗೊತ್ತಿದ್ದೇ ಬರೆದೆ. ಒಂದು ಮತದಲ್ಲಿ ಗೆದ್ದಿತು. ಆ ಒಂದು ಮತ ನನ್ನ ಹಾಸಿಗೆಯಿಂದ ಹೋದದ್ದು.

ಆರು ಗಂಟೆ ಎಂದು ನೀನು ಹೇಳಿದ್ದರಿಂದ ಹೀಗಾಯಿತೆಂದು ತಿಳಿಯಬೇಡ. ನೀನು ನದಿಯ ಅಗಲ ಹೇಳಿದೆ, ಅಷ್ಟೇ. ತೀರ್ಮಾನ ನನ್ನದು. ದಾಟಿದ ಜನರನ್ನು ನೆನೆದರೆ ಸರಿಯಾಗಿ ಮಾಡಿದೆ ಅನಿಸುತ್ತದೆ. ಎಡಚನನ್ನೂ ಅಡುಗೆಯವನನ್ನೂ ನೆನೆದರೆ ಊರುಗೋಲು ಕೆಳಗಿಟ್ಟು ಕೂತುಬಿಡುತ್ತೇನೆ. ಎರಡನ್ನೂ ಒಟ್ಟಿಗೆ ನೆನೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ನಿನಗೆ ಇದು ತಿಳಿಯಬಾರದೆಂದು ಮಾವನಿಂದ ಮಾತು ತೆಗೆದುಕೊಂಡಿದ್ದೆ. ಆದರೆ ನಿನ್ನ ಹುಡುಗರು ನನ್ನ ಹೆಸರು ಹೇಳಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದಾರೆಂದ ಮೇಲೆ ಸುಮ್ಮನಿರಲಾಗಲಿಲ್ಲ. ಅವರಿಗೆ ಹೇಳು. ಕಳಿಸಿದವರಲ್ಲಿ ನಾನೂ ಒಬ್ಬ.

ಈ ತಿಂಗಳ ಕೊನೆಗೆ ಸದನ ಮತ್ತೆ ಸೇರುತ್ತದೆ. ನಿಮ್ಮನ್ನು ವಾಪಸ್ ಕರೆಸಬೇಕೋ ಅಲ್ಲೇ ಉಳಿಸಬೇಕೋ ಎಂಬುದು ಮತಕ್ಕೆ ಬರುತ್ತದೆ. ಈ ಸಲ ಜೋಡಿ ಇಲ್ಲ. ಇಬ್ಬರೂ ಒಳಗೆ ಹೋಗುತ್ತೇವೆ. ಯಾವ ಕಡೆ ಎಂದು ನಿನ್ನನ್ನು ಕೇಳಬೇಕೆಂದು ಜೀವ ಹೊಡೆದುಕೊಳ್ಳುತ್ತದೆ. ಕೇಳುವುದಿಲ್ಲ.

ಅಪ್ಪ

*

ನದಿ ದಡ
ಜುಲೈ 20

ಸದನದ ಮಾನ್ಯ ಸದಸ್ಯರಿಗೆ,

ನಿಮ್ಮ ಕಾಗದ ತಲುಪಿತು. ತುಕಡಿಯನ್ನು ಸೇರಿಸಿ ಪೂರ್ತಿ ಓದಿ ಹೇಳಿದೆ. ಹೊಸ ಅಡುಗೆಯವನು, "ಈ ಸಲ ಯಾವ ಕಡೆ ಹಾಕ್ತಾರಂತೆ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಊಟ ಮಾಡಿ ಕೆಲಸಕ್ಕೆ ಹೋದೆವು.

ಸೇತುವೆ ನಿಂತಿದೆ. ಎರಡು ಕಡೆ ತೂತು ಬಿದ್ದಿತ್ತು, ತುಂಡು ಬದಲಿಸಿದ್ದೇವೆ. ಜನ ದಾಟುತ್ತಿದ್ದಾರೆ. ನಿನ್ನೆ ಒಬ್ಬ ಹೆಂಗಸು ಗಬ್ಬದ ಹಸು ಹೊಡೆದುಕೊಂಡು ಬಂದಳು. ಕಬ್ಬಿಣದ ಸದ್ದಿಗೆ ಹೆದರಿ ಅದು ನಟ್ಟನಡುವೆ ನಿಂತುಬಿಟ್ಟಿತು. ಹಿಂದೆ ಜನ, ಮುಂದೆ ಜನ, ಆಚೆ ಗುಡ್ಡದ ಮೇಲೆ ಫಿರಂಗಿ. ಎಳೆದರೂ ಬರಲಿಲ್ಲ, ಹೊಡೆದರೂ ಬರಲಿಲ್ಲ. ಚಿಕ್ಕವಳಿದ್ದಾಗ ನೀವು ತೋರಿಸಿಕೊಟ್ಟದ್ದು ನೆನಪಾಯಿತು. ಕಣ್ಣಿಗೆ ಬಟ್ಟೆ ಕಟ್ಟಿ, ತಿರುಗಿಸಿ ನಿಲ್ಲಿಸಿ, ಹಿಂದಹಿಂದಕ್ಕೆ ನಡೆಸಿದೆ. ಎಲ್ಲಿಗೆ ಹೋಗುತ್ತಿದೆ ಎಂದು ಕಾಣದೆ ದಾಟಿತು. ಈಚೆ ದಡದಲ್ಲಿ ಬಟ್ಟೆ ಬಿಚ್ಚಿದಾಗ ನನ್ನನ್ನು ಒದೆಯಲಿಲ್ಲ.

ತಿಳಿಸುವುದು ಇಷ್ಟೇ.

ಕ್ಯಾಪ್ಟನ್,
ಸೇತುವೆ ತುಕಡಿ

ಸದನದ ಮೆಟ್ಟಿಲು ನುಣುಪಾಗಿದೆ. ಹತ್ತುವಾಗ ಕಂಬಿ ಹಿಡ್ಕೋ ಅಪ್ಪಾ.